ಕೆಲಸಕ್ಕೆ ಡೀಸೆಲ್ ಪಿಕಪ್ ಬೇಕಾ? ಇಂಜಿನ್ ತಣ್ಣಗಿದ್ದಾಗಲೇ ಹೋಗಿ ನೋಡಿ

ಹಳೆಯ ಪಿಕಪ್ ಕೊಳ್ಳಲು ಹೋದವರು ಮೊದಲು ಏನು ಮಾಡುತ್ತಾರೆ ಗೊತ್ತಾ? ಟೈರಿಗೆ ಒಂದು ಒದೆ ಕೊಡುತ್ತಾರೆ. ಆಮೇಲೆ ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಾರೆ. ಅಷ್ಟರಲ್ಲಿ ಮಾರುವವನು ಕೀ ತಿರುಗಿಸಿ, ‘ನೋಡಿ ಸಾರ್, ಹಾಫ್ ಸೆಲ್ಫ್‌ಗೇ ಸ್ಟಾರ್ಟ್’ ಅಂದಿರುತ್ತಾನೆ. ವ್ಯಾಪಾರ ಅಲ್ಲೇ ಅರ್ಧ ಕುದುರಿಬಿಡುತ್ತದೆ. ಇವರು ಬರುವ ಮೊದಲೇ ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ ಇಟ್ಟಿದ್ದಾನೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಎಷ್ಟೋ ಜನ ಇದೇ ರೀತಿ ಸಿಕ್ಕಿಬಿದ್ದಿದ್ದನ್ನು ನೋಡಿದ್ದೇನೆ. ಹಾಗಾಗಿ ಇಲ್ಲಿ ಜಾಸ್ತಿ ಮಾತು ಇಂಜಿನ್ ಬಗ್ಗೆಯೇ ಇದೆ. ಹೊಸ ಗಾಡಿ ಕೊಳ್ಳುವವರಿಗೆ ಮೊದಲ ಮೂರು ಹಂತ ಸಾಕು.

ಹಂತ 1: ಏನು ಹೊರಿಸುತ್ತೀರಿ ಅಂತ ತೂಕ ಹಾಕಿ

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಹಾರ್ಸ್ ಪವರ್. ಕೆಲಸದ ಗಾಡಿಗೆ ಬೇಕಾದ್ದು ಬೇರೆ ಎರಡು ಸಂಖ್ಯೆ: ಗಾಡಿಯ ಖಾಲಿ ತೂಕ ಮತ್ತು ಲೋಡ್ ಸಮೇತ ಇರಬಹುದಾದ ಒಟ್ಟು ತೂಕ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಪಾಲು. ಅದರಲ್ಲೂ ಪೂರ್ತಿ ನಿಮಗೆ ಸಿಗಲ್ಲ. ಒಟ್ಟು ತೂಕ 3,000 ಕಿಲೋ, ಖಾಲಿ ತೂಕ 1,900 ಕಿಲೋ ಅಂದುಕೊಳ್ಳಿ. ಉಳಿದದ್ದು 1,100. ಅದರಲ್ಲಿ ಡ್ರೈವರ್ ಮತ್ತು ಜೊತೆಗಾರ 150, ಮೇಲೆ ಹಾಕಿಸಿದ ಕಬ್ಬಿಣದ ಫ್ರೇಮ್ 80, ಸಾಮಾನಿನ ಪೆಟ್ಟಿಗೆ 120 ಕಳೆಯಿರಿ. ಸರಕಿಗೆ ಉಳಿಯುವುದು 750 ಕಿಲೋ.

ಬಾಡಿ ತುಂಬಿದರೆ ಲೋಡ್ ಸರಿಯಾಯಿತು ಅಂದುಕೊಳ್ಳುವುದು ದೊಡ್ಡ ತಪ್ಪು. ಒದ್ದೆ ಮರಳು ಒಂದು ಘನ ಮೀಟರಿಗೆ ಸುಮಾರು 1,900 ಕಿಲೋ ತೂಗುತ್ತದೆ. ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, ಅರ್ಧ ಮೀಟರ್ ಆಳದ ಬಾಡಿಗೆ ಅಂಚಿನವರೆಗೆ ಮರಳು ತುಂಬಿದರೆ ಎರಡು ಟನ್ ದಾಟುತ್ತದೆ. ಹತ್ತಿಯನ್ನೋ ಥರ್ಮೊಕೋಲನ್ನೋ ಸಾಗಿಸುವವರಿಗೆ ಮಾತ್ರ ಬಾಡಿಯ ಅಳತೆ ಮುಖ್ಯ. ಉಳಿದವರು ತೂಕ ನೋಡಿ.

ಹಂತ 2: ನಿಮಗೆ ಡೀಸೆಲ್ಲೇ ಬೇಕಾ?

ದಿನವೂ ಲೋಡ್ ಹೊತ್ತು ದೂರ ಓಡುವುದಾದರೆ ಹೌದು, ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಿ. ಇಂಜಿನ್ ನಿಧಾನವಾಗಿ ಸುತ್ತುವಾಗಲೇ, ಅಂದರೆ ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಎಳೆತ ಅದರ ಬಲ. ಆದರೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರ್ ಓಡಿಸುವ ಕೆಲಸವಾದರೆ ಹೊಸ ಪೀಳಿಗೆಯ ಡೀಸೆಲ್ ಬೇಡ. ಅವುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು ಆಗಾಗ ಸುಟ್ಟುಹಾಕಬೇಕು. ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸಣ್ಣ ಸಣ್ಣ ಓಡಾಟದಲ್ಲಿ ಅಷ್ಟು ಬಿಸಿಯೇ ಏರುವುದಿಲ್ಲ. ಮಸಿ ಕಟ್ಟುತ್ತದೆ, ದೀಪ ಹತ್ತುತ್ತದೆ, ಕೊನೆಗೆ ಗಾಡಿ ಎಳೆಯುವುದನ್ನೇ ಬಿಡುತ್ತದೆ. ಅಂಥ ಕೆಲಸಕ್ಕೆ ಪೆಟ್ರೋಲ್ ಅಥವಾ ಎಲೆಕ್ಟ್ರಿಕ್ ವಾಸಿ.

‘ಡಿಪಿಎಫ್ ಕಿತ್ತು ಹಾಕಿದ್ದೀವಿ, ಇನ್ನು ತಲೆನೋವಿಲ್ಲ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವವರು ನೀವು, ಅವನಲ್ಲ.

ಹಂತ 3: ಕ್ಯಾಬ್ ಮತ್ತು ಗೇರ್

ಒಂದೇ ಸಾಲು ಸೀಟಿನ ಸಿಂಗಲ್ ಕ್ಯಾಬ್, ಮ್ಯಾನುವಲ್ ಗೇರ್, ಸಾದಾ ಸ್ಟೀಲ್ ವೀಲ್. ನನ್ನ ಪ್ರಕಾರ ಕೆಲಸದ ಗಾಡಿ ಅಂದರೆ ಇಷ್ಟೇ. ಡಬಲ್ ಕ್ಯಾಬ್‌ನಲ್ಲಿ ಸೀಟು ಜಾಸ್ತಿ ಬಂದಷ್ಟೂ ಬಾಡಿ ಗಿಡ್ಡವಾಗುತ್ತದೆ. ಫೋರ್ ವೀಲ್ ಡ್ರೈವ್ ಕೆಸರಿನಲ್ಲಿ ನಿತ್ಯ ಓಡಾಡುವವರಿಗೆ ಮಾತ್ರ. ಉಳಿದವರಿಗೆ ಅದು ಸುಮ್ನೆ ಹೊತ್ತು ತಿರುಗುವ ತೂಕ.

ಹಂತ 4: ಕಾಗದ

ಕಾಗದದಲ್ಲಿರುವ ಇಂಜಿನ್ ನಂಬರ್, ಚಾಸಿ (ಗಾಡಿಯ ಕಬ್ಬಿಣದ ಅಡಿಚೌಕಟ್ಟು) ನಂಬರ್ ಎರಡನ್ನೂ ಗಾಡಿಯ ಮೇಲಿರುವುದಕ್ಕೆ ಒಂದೊಂದೇ ಅಕ್ಷರ ತಾಳೆ ನೋಡಿ. ಕೆರೆದ ಗುರುತು ಕಂಡರೆ ಮುಂದಿನ ಹಂತವೇ ಬೇಡ.

ಹಂತ 5: ಇಂಜಿನ್

ಹೋಗುವ ಮೊದಲು ಫೋನ್ ಮಾಡಿ, ‘ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಹೋಗಿ. ಬಾನೆಟ್ ಎತ್ತಿಸಿ ಇಂಜಿನ್ ಪಕ್ಕಕ್ಕೆ ಕೈ ತಂದು ಬಿಸಿ ಇದೆಯಾ ನೋಡಿ, ತಣ್ಣಗಿದ್ದರೆ ಮುಟ್ಟಿ. ಬೆಚ್ಚಗಿದ್ದರೆ ಜಗಳ ಬೇಡ, ‘ನಾಳೆ ಬೆಳಿಗ್ಗೆ ಬರ್ತೀನಿ’ ಅನ್ನಿ. ನಾಳೆಯೂ ಬೆಚ್ಚಗಿದ್ದರೆ ಆ ಗಾಡಿ ಬಿಟ್ಟುಬಿಡಿ.

ತಣ್ಣಗೇ ಇರಬೇಕು ಅಂತ ಯಾಕಿಷ್ಟು ಹಟ? ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ರಿಂಗ್ ಸವೆದಿದ್ದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ, ಶಾಖ ಸಾಲುವುದಿಲ್ಲ. ಇಂಜಿನ್ ಬಿಸಿಯಾಗಿದ್ದಾಗ ಈ ಕೊರತೆ ಮುಚ್ಚಿಹೋಗುತ್ತದೆ. ತಣ್ಣಗಿದ್ದಾಗ ಮುಚ್ಚಿಡಲು ಆಗುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲು ಎರಡು ಕೆಲಸ ಇದೆ. ರೇಡಿಯೇಟರ್ ಅಥವಾ ಕೂಲೆಂಟ್ (ಇಂಜಿನ್ ತಂಪಿಡುವ ದ್ರವ) ಡಬ್ಬಿಯ ಮುಚ್ಚಳ ತೆಗೆದು ನೋಡಿ. ಬಣ್ಣದ ಕೂಲೆಂಟ್ ಇರಬೇಕು. ತುಕ್ಕು ನೀರು ಇದ್ದರೆ ಮಾಲೀಕ ಸಾದಾ ನೀರಲ್ಲೇ ಓಡಿಸಿದ್ದಾನೆ. ಮೇಲೆ ಎಣ್ಣೆ ಪದರ ತೇಲುತ್ತಿದ್ದರೆ ಕೈ ತೊಳೆದುಕೊಂಡು ಹೊರಡಿ. ಆಮೇಲೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿದೆ ಅಂತ ಗಾಬರಿ ಬೇಡ, ಡೀಸೆಲ್ ಇಂಜಿನ್ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಗಾಬರಿ ಆಗಬೇಕಾದ್ದು ಮಟ್ಟ ಮೇಲಿನ ಗೆರೆ ದಾಟಿದ್ದರೆ. ಡೀಸೆಲ್ಲೋ ನೀರೋ ಆಯಿಲ್‌ಗೆ ಇಳಿಯುತ್ತಿರಬಹುದು. ಮೂಸಿ ನೋಡಿ, ಡೀಸೆಲ್ ಆದರೆ ವಾಸನೆ ಗೊತ್ತಾಗುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು.

ಈಗ ಕೀ ನಿಮ್ಮ ಕೈಯಲ್ಲಿರಲಿ. ಆನ್ ಮಾಡಿ, ಸುರುಳಿ ಗುರುತಿನ ಹಳದಿ ದೀಪ ಆರುವವರೆಗೆ ಕಾಯಿರಿ. ದೀಪ ಉರಿಯುತ್ತಿದೆ ಅಂದರೆ, ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಬಿಸಿಯಾಗುತ್ತಿದೆ ಅಂತ ಅರ್ಥ. ಆಮೇಲೆ ಸೆಲ್ಫ್ ಹೊಡೆಯಿರಿ, ಆಕ್ಸಿಲರೇಟರ್ ಮುಟ್ಟಬೇಡಿ. ಚೆನ್ನಾಗಿರುವ ಇಂಜಿನ್ ಎರಡು ಮೂರು ಸೆಕೆಂಡಿಗೆ ಹಿಡಿದುಕೊಳ್ಳಬೇಕು. ಏರ್ ಫಿಲ್ಟರ್ ಹತ್ತಿರ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿ ತೋರಿಸುವವರೂ ಇದ್ದಾರೆ. ಆ ಈಥರ್ ಸ್ಪ್ರೇ ಕಾದ ಗ್ಲೋ ಪ್ಲಗ್‌ಗೆ ತಾಗಿದರೆ ಒಳಗೇ ಸಿಡಿದು ಇಂಜಿನ್ನಿಗೆ ಪೆಟ್ಟಾಗುತ್ತದೆ. ಸ್ಪ್ರೇ ಡಬ್ಬಿ ಕಂಡ ಗಾಡಿಯನ್ನು ನಾನಂತೂ ಕೊಳ್ಳುವುದಿಲ್ಲ.

ಸ್ಟಾರ್ಟ್ ಆದ ಕೂಡಲೇ ಜೊತೆಗೆ ಬಂದವರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಮೊದಲ ಕೆಲವು ಸೆಕೆಂಡು ತೆಳ್ಳಗೆ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಾ ಕಣ್ಣು ಉರಿಸಿದರೆ ಡೀಸೆಲ್ ಸುಡದೆ ಹೊರಗೆ ಬರುತ್ತಿದೆ. ಗ್ಲೋ ಪ್ಲಗ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಸಿಲಿಂಡರಿನ ಒತ್ತಡ, ಮೂರರಲ್ಲಿ ಒಂದು ಕೆಟ್ಟಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್ ಸುಡುತ್ತಿದೆ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಹಳೆಯ ಇಂಜಿನ್‌ನಲ್ಲಿ ಜೋರಾಗಿ ಒತ್ತಿದಾಗ ಒಂದು ಉಸಿರು ಕಪ್ಪು ಹೊಗೆ ಬರುವುದು ಮಾಮೂಲಿ. ಸುಮ್ಮನೆ ನಿಂತಾಗಲೂ ಕಪ್ಪು ಅಂದರೆ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಜಾಸ್ತಿ.

ಸ್ಟಾರ್ಟ್ ಆಗಿ ಒಂದು ನಿಮಿಷದೊಳಗೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಹಿಸುಕಿ ನೋಡಿ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರ ಇರಲಿ. ಇಂಜಿನ್ ಇನ್ನೂ ತಣ್ಣಗಿದೆ, ಆದರೆ ಪೈಪು ಕಲ್ಲಿನಂತೆ ಗಟ್ಟಿಯಾಗಿದೆ ಅಂದರೆ ಇಂಜಿನ್ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಮೂಲಕ ಗ್ಯಾಸ್ ಕೂಲೆಂಟ್‌ಗೆ ನುಗ್ಗುತ್ತಿದೆ ಅಂತ ಅನುಮಾನ ಪಡಿ.

ಕೊನೆಯದು ನನಗೆ ಅತಿ ಇಷ್ಟವಾದ ಪರೀಕ್ಷೆ, ದುಡ್ಡೂ ಖರ್ಚಿಲ್ಲ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಕೆಲವು ಇಂಜಿನ್‌ಗಳಲ್ಲಿ ಆಯಿಲ್ ಸಿಡಿಯುತ್ತದೆ, ಬಟ್ಟೆ ಹಿಡಿದಿರಿ. ಮುಚ್ಚಳವನ್ನು ತಲೆಕೆಳಗಾಗಿ ಆ ತೂತಿನ ಮೇಲೆ ಸುಮ್ನೆ ಇಡಿ. ಸ್ವಲ್ಪ ನಡುಗುತ್ತಾ ಅಲ್ಲೇ ಕೂತರೆ ರಿಂಗ್ ಪರವಾಗಿಲ್ಲ. ಹಾರಿ ಬಿದ್ದರೆ, ತೂತಿನಿಂದ ಹೊಗೆ ಬುಸುಬುಸು ಬಂದರೆ, ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗಿಳಿಯುತ್ತಿದೆ. ಅಂದರೆ ಇಂಜಿನ್ ಬಿಚ್ಚಬೇಕು. ಗಾಡಿ ಓಡಿಸಿ ಬಂದ ಮೇಲೆ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ. ಬಿಸಿಗೆ ಆಯಿಲ್ ತೆಳ್ಳಗಾಗಿರುತ್ತದೆ, ದಪ್ಪ ಆಯಿಲ್ ಸುರಿದು ಮುಚ್ಚಿಟ್ಟ ಗುಟ್ಟು ಆಗ ಬಯಲಾಗುತ್ತದೆ. ‘ಹೊಗೆ ನಿಲ್ಲಿಸುವ’ ಬಾಟಲಿಗಳು, ರೇಡಿಯೇಟರ್ ಸೋರಿಕೆ ಮುಚ್ಚುವ ಪುಡಿ ಇವೆಲ್ಲ ಮಾರುವವನಿಗೆ ಒಂದು ವಾರ ಕೊಡಿಸುವ ಸಾಮಾನು. ಪುಡಿಯಂತೂ ಹೀಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಹಾಕಬಲ್ಲದು.

ಹಂತ 6: ಗಾಡಿ ಕೆಳಗೆ ಮಲಗಿ

ಒಂದು ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ ಒಯ್ಯಿರಿ. ಪಿಕಪ್‌ನ ಆಯಸ್ಸು ಚಾಸಿಯಲ್ಲಿದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗಿ ಹೋಗುವ ಜಾಗ ಮತ್ತು ಲೀಫ್ ಸ್ಪ್ರಿಂಗ್ ಪಟ್ಟಿಗಳು ಜೋತುಬಿದ್ದಿರುವ ಕೊಂಡಿಗಳ ಸುತ್ತ ಮಣ್ಣು ಸೇರಿ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಎರಡು ಏಟು ಜಾಸ್ತಿ ತಟ್ಟಿ. ಮಾರುವ ಮುಂಚೆ ಯಾರೂ ಪ್ರೀತಿಯಿಂದ ಚಾಸಿಗೆ ಬಣ್ಣ ಹೊಡೆಯುವುದಿಲ್ಲ. ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದರೆ ‘ಗಟ್ಟಿ ಮಾಡಿಸಿದ್ದೀನಿ’ ಅನ್ನುತ್ತಾರೆ. ಹೊರಬಾರದಷ್ಟು ಲೋಡ್ ಹೊತ್ತಿದೆ ಅಂತ ಅದರ ಅರ್ಥ.

ಕೆಳಗೆ ಇರುವಾಗಲೇ ಟೈರ್ ಪಕ್ಕದ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಗೀರು ಆಳವಾಗಿದ್ದರೂ ಹಳೇ ಟೈರು ಹಳೇದೇ.

ಹಂತ 7: ಓಡಿಸಿ, ಸಾಧ್ಯವಾದರೆ ಲೋಡ್ ಹಾಕಿ

ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಲೋಡ್ ಸಿಗದಿದ್ದರೆ ಏರು ರಸ್ತೆ ಹುಡುಕಿ. ಎತ್ತರದ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ, ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್‌ಬಾಕ್ಸ್ ಬಿಚ್ಚುವ ಕೆಲಸ ಇದೆ. ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಸಣ್ಣಗೆ ಶಿಳ್ಳೆ ಹಾಕಲಿ, ಸೈರನ್‌ನಂತೆ ಕೂಗಬಾರದು. ಟರ್ಬೊ ಸೀಲ್ ಪೂರ್ತಿ ಹೋದರೆ ಇಂಜಿನ್ ತನ್ನದೇ ಆಯಿಲ್ ಎಳೆದು ಸುಡುತ್ತದೆ, ಕೀ ಆಫ್ ಮಾಡಿದರೂ ನಿಲ್ಲದೆ ಓಡಬಹುದು. ಸ್ಟೀರಿಂಗ್, ಬ್ರೇಕ್ ಎಲ್ಲರೂ ನೋಡುತ್ತಾರೆ, ನೀವೂ ನೋಡಿ.

ಹಂತ 8: ಚೌಕಾಸಿ

ಕಂಡ ದೋಷಗಳನ್ನು ಬರೆದುಕೊಂಡು, ರಿಪೇರಿ ಖರ್ಚು ಮೆಕ್ಯಾನಿಕ್‌ನಿಂದ ಕೇಳಿ, ಅಷ್ಟನ್ನು ಕಳೆದು ಮಾತಾಡಿ. ಮೆಕ್ಯಾನಿಕ್ ನಿಮ್ಮವನಾಗಿರಬೇಕು, ಮಾರುವವನು ತೋರಿಸಿದವನಲ್ಲ.

ಹಂತ 9: ತಂದ ಮೇಲೆ

‘ಮೊನ್ನೆ ತಾನೇ ಸರ್ವಿಸ್ ಆಗಿದೆ’ ಅನ್ನುವ ಮಾತು ಬಿಲ್ ಇಲ್ಲದೆ ನಂಬಬೇಡಿ. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಮೂರರ ಆಯಿಲ್, ಎಲ್ಲಾ ಫಿಲ್ಟರ್, ಕೂಲೆಂಟ್ ಬದಲಿಸಿ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದನ್ನೂ ಅವತ್ತೇ ಹಾಕಿಸಿ, ಅದು ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಡೀಸೆಲ್ ಫಿಲ್ಟರ್ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ. ನೀರಿದ್ದರೆ ಅದು ಡೀಸೆಲ್ಲಿನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಕೈ ಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಲೈನಿನ ಗಾಳಿ ತೆಗೆಯಿರಿ. ಗಾಳಿ ತೆಗೆಯದೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ ಖಾಲಿಯಾಗುತ್ತದೆಯೇ ಹೊರತು ಗಾಡಿ ಸ್ಟಾರ್ಟ್ ಆಗುವುದಿಲ್ಲ.