‘ಬ್ರೇಕ್ ಹಾಕಿದೆ ಸರ್, ನಿಲ್ಲಲಿಲ್ಲ’

ನನ್ನ ಹತ್ತಿರ ಕಾರು ಕಲಿತು ಲೈಸೆನ್ಸ್ ತಗೊಂಡ ಹುಡುಗನೊಬ್ಬ ಎರಡೇ ತಿಂಗಳಲ್ಲಿ ಮುಂದಿನ ಕಾರಿಗೆ ಗುದ್ದಿದ. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ಸಿಕ್ಕಾಗ ಅವನು ಹೇಳಿದ್ದು ಇಷ್ಟು: ‘ಬ್ರೇಕ್ ಹಾಕಿದೆ ಸರ್, ನಿಲ್ಲಲಿಲ್ಲ. ಪೆಡಲ್ ಕಟಕಟ ಅಂತ ನಡುಗೋಕೆ ಶುರುವಾಯ್ತು. ಏನೋ ಮುರೀತು ಅಂದ್ಕೊಂಡು ಕಾಲು ತೆಗೆದೆ.’

ಏನೂ ಮುರಿದಿರಲಿಲ್ಲ. ಅದು ಎಬಿಎಸ್ (ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್) ತನ್ನ ಕೆಲಸ ಮಾಡುತ್ತಿದ್ದ ಸದ್ದು. ಬ್ರೇಕ್ ಜೋರಾಗಿ ಬಿದ್ದಾಗ ಚಕ್ರ ತಿರುಗುವುದನ್ನೇ ಬಿಟ್ಟು ಜಾರತೊಡಗುತ್ತದೆ. ಹಾಗಾಗದಂತೆ ಎಬಿಎಸ್ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆ ನಡುಕ ಕಾಲಿಗೆ ಗೊತ್ತಾಗುತ್ತದೆ. ಆಗ ಕಾಲು ತೆಗೆಯದೆ ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅವನು ಮಾಡಿದ್ದು ಅದರ ಉಲ್ಟಾ. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು? ಹಾಫ್ ಕ್ಲಚ್, ರಿವರ್ಸ್, ಪಾರ್ಕಿಂಗ್ ಎಲ್ಲ ಹೇಳಿಕೊಟ್ಟಿದ್ದೆ. ಬ್ರೇಕನ್ನು ಪೂರ್ತಿ ಒತ್ತಿದರೆ ಏನಾಗುತ್ತದೆ ಅಂತ ಒಂದು ಸಲವೂ ತೋರಿಸಿರಲಿಲ್ಲ. ‘ಮೆತ್ತಗೆ, ಮೆತ್ತಗೆ’ ಅಂತ ದಿನಾ ಹೇಳಿ ಅವನ ಕಾಲನ್ನು ಹಾಗೆ ಪಳಗಿಸಿದವನೇ ನಾನು. ಆ ವಿಷಯ ನನ್ನನ್ನು ಬಹಳ ದಿನ ಕಾಡಿತು.

ಅಲ್ಲಿಂದಾಚೆ ಯಾರೇ ಕಲಿಯಲು ಬರಲಿ, ಕೊನೆಯ ನಾಲ್ಕು ಕ್ಲಾಸು ಇದಕ್ಕೇ ಇಡುತ್ತೇನೆ. ಜನ, ಗಾಡಿ ಓಡಾಡದ, ಟಾರು ಹಾಕಿದ ಉದ್ದನೆಯ ಖಾಲಿ ಜಾಗ ಬೇಕು. ರಸ್ತೆಯಲ್ಲಿ ಅಡ್ಡ ಇಡುವಂಥ ಎಂಟು ಹತ್ತು ಪ್ಲಾಸ್ಟಿಕ್ ಕೋನು, ಒಂದು ಅಳತೆ ಟೇಪು. ಶುರು ಮಾಡುವ ಮುಂಚೆ ನಾಲ್ಕೂ ಟೈರಿನ ಗಾಳಿ ನೋಡುತ್ತೇನೆ. ಬ್ಯಾಗು, ನೀರಿನ ಬಾಟಲಿ ಎಲ್ಲ ಕೆಳಗಿಳಿಸುತ್ತೇನೆ. ಉರುಳಿಕೊಂಡು ಬಂದ ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಯಾವ ವಿದ್ಯೆಯೂ ಕೈ ಹಿಡಿಯುವುದಿಲ್ಲ.

ಮೊದಲು ಕೂರುವುದು. ಬ್ರೇಕನ್ನು ತಳದವರೆಗೆ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು. ಬೆನ್ನು ಸೀಟಿಗೆ ಆನಿಸಿಕೊಂಡೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಇರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟಾದರೂ ಜಾಗ ಬೇಕು. ಹಿಂದಕ್ಕೆ ಒರಗಿ ಒಂದೇ ಕೈಯಲ್ಲಿ ಓಡಿಸುವ ಅಭ್ಯಾಸ ಆಗಿದ್ದವರಿಗೆ ಇದು ಮೊದಮೊದಲು ಇಕ್ಕಟ್ಟು ಅನ್ನಿಸುತ್ತದೆ. ಎರಡು ದಿನಕ್ಕೆ ಸರಿಹೋಗುತ್ತದೆ.

ಆಮೇಲೆ ಬ್ರೇಕು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪಾಠ ಇದೇ.

ಐವತ್ತು ದಾಟಿದ ಮೇಡಂ ಒಬ್ಬರು ಕಲಿಯಲು ಬಂದಿದ್ದರು. ತುಂಬ ಜಾಗ್ರತೆಯ ಓಟ ಅವರದು. ಅವರ ಕೈಗೆ ಒಂದು ಕೋನು ಕೊಟ್ಟು, ‘ಇಲ್ಲಿ ಬ್ರೇಕ್ ಒತ್ತಿದರೆ ಕಾರು ಎಲ್ಲಿ ನಿಲ್ಲುತ್ತೆ ಅನ್ನಿಸುತ್ತೋ ಅಲ್ಲಿ ಇಟ್ಟು ಬನ್ನಿ’ ಅಂದೆ. ವೇಗ ಗಂಟೆಗೆ 40 ಕಿಲೋಮೀಟರ್. ಅವರು ನಡೆದುಕೊಂಡು ಹೋಗಿ, ಸ್ವಲ್ಪ ಯೋಚಿಸಿ, ಕೋನು ಇಟ್ಟು ಬಂದರು. ಮೊದಲ ಸಲ ಕಾರು ಆ ಕೋನನ್ನು ಬೀಳಿಸಿ ಮುಂದೆ ಹೋಗಿ ನಿಂತಿತು. ಎರಡನೇ ಸಲವೂ ಅಷ್ಟೇ. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಪೆಡಲ್ ಅರ್ಧಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ‘ಇನ್ನೂ ಒತ್ತಿದರೆ ಕಾರು ಹಾಳಾಗಲ್ವಾ ಸರ್?’ ಅಂತ ಕೇಳಿದರು. ಈ ಪ್ರಶ್ನೆಯನ್ನು ಹತ್ತರಲ್ಲಿ ಎಂಟು ಜನ ಕೇಳುತ್ತಾರೆ.

ಹಾಳಾಗಲ್ಲ. ನಿಂತ ಕಾರಿನಲ್ಲೇ ನಾಲ್ಕೈದು ಸಲ ಒದ್ದ ಹಾಗೆ ಒತ್ತಿಸಿದೆ. ಆಮೇಲೆ 30ರಲ್ಲಿ, ಮತ್ತೆ 40ರಲ್ಲಿ. ಒಂದು ಸಲ ಅವರ ಕಾಲು ನಿಜವಾಗಿಯೂ ತಳ ಮುಟ್ಟಿತು. ಕಾರಿನ ಮೂತಿ ಬಗ್ಗಿತು, ಬೆಲ್ಟು ಇಬ್ಬರ ಹೆಗಲನ್ನೂ ಗಬಕ್ಕನೆ ಹಿಡಿಯಿತು, ಪೆಡಲ್ ಕಟಕಟ ಅಂದಿತು. ಅವರು ಕಾಲು ತೆಗೆಯಲಿಲ್ಲ. ಕಾರು ನಿಂತು, ಒಮ್ಮೆ ಹಿಂದಕ್ಕೆ ತೂಗಿ ಸುಮ್ಮನಾಯಿತು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಇಷ್ಟು ಒತ್ತಬೇಕಿತ್ತಾ?’ ಅಂದರು. ಈ ಮಾತು ಬಾಯಿಂದ ಬಂತು ಅಂದರೆ ಪಾಠ ಕಾಲಿಗೆ ಇಳಿಯಿತು ಅಂತ ನನ್ನ ಲೆಕ್ಕ. ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಪೂರ್ತಿ ಒತ್ತಿದ್ದಾಗಲೂ ಸ್ಟೀರಿಂಗ್ ಮಾತು ಕೇಳುತ್ತದೆ. ಅದನ್ನೂ ಅವತ್ತೇ ಮಾಡಿಸಿ ತೋರಿಸುತ್ತೇನೆ.

ಇದಾದ ಮೇಲೆ ಟೇಪು ಹಿಡಿದು ಅಳೆಯುತ್ತೇವೆ. ಒಣ ಟಾರಿನ ಮೇಲೆ, ಒಳ್ಳೆ ಟೈರು ಇದ್ದರೆ, ಬ್ರೇಕ್ ಒತ್ತಿದಲ್ಲಿಂದ 30ರ ವೇಗಕ್ಕೆ ನಾಲ್ಕೈದು ಮೀಟರ್ ಬೇಕು. 60ಕ್ಕೆ ಅದರ ಎರಡರಷ್ಟು ಅಂತ ಎಲ್ಲರೂ ಊಹಿಸುತ್ತಾರೆ. ಅಲ್ಲ, ನಾಲ್ಕರಷ್ಟು, ಹತ್ತಿರ ಹತ್ತಿರ 18 ಮೀಟರ್. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ಜಾಗ ನಾಲ್ಕರಷ್ಟಾಗುತ್ತದೆ. ಇದೂ ಕಾಲು ಆಗಲೇ ಬ್ರೇಕಿನ ಮೇಲಿದ್ದಾಗಿನ ಲೆಕ್ಕ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಪೆಡಲಿಗೆ ಬರುವಷ್ಟರಲ್ಲಿ ಒಂದು ಸೆಕೆಂಡಾದರೂ ಹೋಗುತ್ತದೆ. 60ರಲ್ಲಿ ಆ ಒಂದು ಸೆಕೆಂಡಿಗೆ ಕಾರು ಸುಮಾರು 17 ಮೀಟರ್ ಓಡಿರುತ್ತದೆ. ಅದನ್ನು ಸುಮ್ನೆ ಬಾಯಲ್ಲಿ ಹೇಳುವುದಿಲ್ಲ. ಅಷ್ಟು ದೂರವನ್ನು ಅವರಿಂದಲೇ ಹೆಜ್ಜೆ ಹಾಕಿಸುತ್ತೇನೆ. ನಡೆದಾಗ ಗೊತ್ತಾಗುತ್ತದೆ ಎಷ್ಟು ಉದ್ದ ಅಂತ. ಫೋನ್ ಕಡೆ ಎರಡು ಸೆಕೆಂಡ್ ನೋಡಿದರೆ ಇದರ ಎರಡರಷ್ಟು ದೂರ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಅದನ್ನು ನಾನು ಹೇಳುವ ಮುಂಚೆ ಅವರೇ ಹೇಳುತ್ತಾರೆ.

ಮುಂದಿನ ಕ್ಲಾಸು ಅಡ್ಡ ಬಂದದ್ದನ್ನು ತಪ್ಪಿಸುವುದು. ನಡುವೆ ಮೂರು ಕೋನು, ಎರಡೂ ಪಕ್ಕ ಕಾರು ಹೋಗುವಷ್ಟು ಜಾಗ. ಎಡಕ್ಕೋ ಬಲಕ್ಕೋ ಅಂತ ಕೊನೆ ಗಳಿಗೆಯಲ್ಲಿ ಹೇಳುತ್ತೇನೆ. ಮೊದಲೆಲ್ಲ ‘ಕೋನು ತಪ್ಸಿ, ಕೋನು ತಪ್ಸಿ’ ಅಂತ ಕೂಗುತ್ತಿದ್ದೆ. ಎಲ್ಲರೂ ನೇರ ಹೋಗಿ ಕೋನಿಗೇ ಗುದ್ದುತ್ತಿದ್ದರು. ಯಾಕೆ ಅಂತ ಅರ್ಥವಾಗಲು ನನಗೆ ಸ್ವಲ್ಪ ದಿನ ಹಿಡಿಯಿತು. ಕಣ್ಣು ಎಲ್ಲಿ ನೆಟ್ಟಿರುತ್ತದೋ ಕೈ ಅಲ್ಲಿಗೇ ಎಳೆಯುತ್ತದೆ. ನಾನು ಕೋನಿನ ಹೆಸರು ಹೇಳಿದರೆ ಅವರು ಕೋನನ್ನೇ ನೋಡುತ್ತಾರೆ. ಈಗ ನಾನು ಕೋನಿನ ಮಾತೇ ಎತ್ತುವುದಿಲ್ಲ. ‘ಎಡಕ್ಕೆ ಜಾಗ ನೋಡಿ’ ಅನ್ನುತ್ತೇನೆ. ಕಾರು ಅದೇ, ವೇಗ ಅದೇ, ಕೂತವರೂ ಅವರೇ. ಸಲೀಸಾಗಿ ದಾಟುತ್ತಾರೆ.

ಆದರೆ ಇದನ್ನು ಕಲಿಸಿದ ಕೂಡಲೇ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ರಸ್ತೆಯಲ್ಲಿ ಪಕ್ಕದ ಜಾಗ ಖಾಲಿ ಇರುತ್ತದೆ ಅಂತ ಯಾರು ಹೇಳಿದರು? ಅಲ್ಲಿ ಬೈಕ್ ಬರುತ್ತಿರಬಹುದು, ಯಾರೋ ನಡೆಯುತ್ತಿರಬಹುದು. ಪಕ್ಕ ಖಾಲಿ ಇದೆ ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ನಿಮ್ಮ ದಾರಿಯಲ್ಲೇ ಇದ್ದು ಬ್ರೇಕ್ ಪೂರ್ತಿ ಒತ್ತಿ. ಹತ್ತು ಸೆಕೆಂಡಿಗೊಮ್ಮೆ ಕನ್ನಡಿ ನೋಡುವ ಅಭ್ಯಾಸ ಮಾಡಿಸುವುದು ಇದಕ್ಕೇ.

ಹುಡುಗರಿಗೆ ಮಾತ್ರ ಇಷ್ಟಕ್ಕೆ ತೃಪ್ತಿ ಆಗುವುದಿಲ್ಲ. ‘ಸರ್, ಸ್ಕಿಡ್ ಆದಾಗ ಕಂಟ್ರೋಲ್ ಮಾಡೋದು ಹೇಳ್ಕೊಡಿ’ ಅಂತ ಹಿಂದೆ ಬೀಳುತ್ತಾರೆ. ನಾನೂ ಒಂದು ಕಾಲದಲ್ಲಿ ಉತ್ಸಾಹದಿಂದ ಹೇಳಿಕೊಡುತ್ತಿದ್ದೆ. ಆಮೇಲೆ ನಾರ್ವೆ ದೇಶದ ಅನುಭವ ಓದಿದೆ. ಅಲ್ಲಿ 1979ರಲ್ಲಿ ಹೊಸಬರಿಗೆಲ್ಲ ಜಾರುವ ನೆಲದ ಮೇಲೆ ಓಡಿಸುವ ತರಬೇತಿ ಕಡ್ಡಾಯವಾಯಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಯುವಕರ ಅಪಘಾತ ಕಮ್ಮಿಯಾಗುವ ಬದಲು ಜಾಸ್ತಿಯಾಗಿತ್ತು. ‘ನನಗೆ ಬರುತ್ತೆ’ ಅನ್ನುವ ಧೈರ್ಯ ಬಂದು ಬಿಡುತ್ತದೆ. ಕೈ ಪಳಗಿರುವುದಿಲ್ಲ, ಧೈರ್ಯ ಮಾತ್ರ ಪಳಗಿರುತ್ತದೆ. ಒಂದು ದಿನದ ಅಭ್ಯಾಸ ಆರು ತಿಂಗಳ ಮೇಲೆ ನೆನಪಿಗೆ ಬರುತ್ತಾ? ನನಗಂತೂ ನಂಬಿಕೆ ಇಲ್ಲ.

ಹಾಗಂತ ಬಿಟ್ಟಿಲ್ಲ, ರೀತಿ ಬದಲಿಸಿದ್ದೇನೆ. ನೆಲಕ್ಕೆ ನೀರು ಸುರಿದು, ಒಂದೇ ತಿರುವನ್ನು ಮೊದಲು 20ರಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ ತೆಗೆದುಕೊಳ್ಳಲು ಹೇಳುತ್ತೇನೆ. ಒಂದು ಹಂತದಲ್ಲಿ ಸ್ಟೀರಿಂಗ್ ತಿರುಗಿದರೂ ಕಾರು ತಿರುಗದೆ ನೇರ ಹೋಗುತ್ತದೆ. ಆಗ ಆಕ್ಸಿಲರೇಟರ್ ಬಿಡಬೇಕು, ಸ್ಟೀರಿಂಗನ್ನು ಇನ್ನೂ ತಿರುಚಬಾರದು, ಸ್ವಲ್ಪ ಸಡಿಲ ಮಾಡಬೇಕು, ಹೋಗಬೇಕಾದ ಕಡೆ ನೋಡಬೇಕು. ಇಷ್ಟನ್ನು ಹೇಳುತ್ತೇನೆ. ಆಮೇಲೆ ಕಾರಿನಿಂದ ಇಳಿಸಿ ಟೈರಿನ ಪಕ್ಕ ನೆಲದ ಮೇಲೆ ಅಂಗೈ ಇಡಿಸುತ್ತೇನೆ. ನೆಲಕ್ಕೆ ತಾಗಿರುವುದು ಒಂದೊಂದು ಟೈರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ತಿರುಗುವುದಕ್ಕೂ ನಿಲ್ಲುವುದಕ್ಕೂ ಇರುವ ಹಿಡಿತವೆಲ್ಲ ಆ ನಾಲ್ಕು ಅಂಗೈಗಳಲ್ಲೇ. ಇದನ್ನು ಕಂಡ ಮೇಲೆ ತಿರುವು ಬರುವ ಮುಂಚೆಯೇ ವೇಗ ಇಳಿಸುತ್ತಾರೆ. ನನಗೆ ಬೇಕಿದ್ದದ್ದು ಅದು.

ಕೊನೆಯ ಕ್ಲಾಸು ನಿಜವಾದ ರಸ್ತೆಯಲ್ಲಿ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನಾವು ಅದೇ ಕಂಬ ಮುಟ್ಟಲು ಮೂರು ಸೆಕೆಂಡ್ ಆಗಬೇಕು, ಮಳೆ ಬಂದರೆ ಇನ್ನೂ ಜಾಸ್ತಿ. ಎಣಿಸುವುದನ್ನೂ ಜೋರಾಗಿಯೇ ಎಣಿಸಬೇಕು. ಮೊದಮೊದಲು ನಾಚಿಕೆ. ಆಮೇಲೆ ನಿಲ್ಲಿಸುವುದೇ ಇಲ್ಲ.

ಅವತ್ತು ಆ ಮೇಡಂ ಹೇಳುತ್ತಾ ಹೋಗುತ್ತಿದ್ದರು. ಸೈಕಲ್ಲು, ನಾಯಿ, ಪಕ್ಕಕ್ಕೆ ನಿಲ್ಲುತ್ತಿರುವ ಆಟೋ. ಪಕ್ಕದಲ್ಲಿ ಸಾಲಾಗಿ ಕಾರು ನಿಂತಿದ್ದವು. ‘ಸರ್, ಆ ಮೂರನೇ ಕಾರಿನ ಮುಂದಿನ ಚಕ್ರ ಈ ಕಡೆ ತಿರುಗಿದೆ. ಒಳಗೆ ಯಾರೋ ಇದ್ದಾರೆ’ ಅಂದರು. ಇಂಡಿಕೇಟರ್ ಇರಲಿಲ್ಲ. ನನ್ನ ಕಾಲು ನನ್ನ ಕಡೆಯ ಬ್ರೇಕಿನ ಹತ್ತಿರ ಹೋಯಿತು. ಅಷ್ಟರಲ್ಲಿ ಅವರು ಆಕ್ಸಿಲರೇಟರ್ ಬಿಟ್ಟು ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟಾಗಿತ್ತು. ಆ ಕಾರು ದಬಕ್ಕನೆ ರಸ್ತೆಗೆ ಬಂತು. ನಮಗೆ ಬ್ರೇಕ್ ಜೋರಾಗಿ ಒತ್ತುವ ಅಗತ್ಯವೇ ಬರಲಿಲ್ಲ. ಅವರು ಅದಕ್ಕೆ ದಾರಿ ಬಿಟ್ಟು, ಮುಂದಿನ ಕಂಬ ನೋಡಿಕೊಂಡು ಮತ್ತೆ ಎಣಿಸಲು ಶುರು ಮಾಡಿದರು.