ಕಂಪನಿಯ ಅರ್ಜಿಯೆದುರು ನಮ್ಮ ತಂಡದ ಹೆಸರನ್ನು ಉಳಿಸಿಕೊಂಡ ಬಗೆ

ನಮ್ಮ ತಂಡದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿದ್ದ ಕಂಪನಿಯೊಂದು ಕೊನೆಗೂ ನೇರ ಸಂಗೀತ ಕಾರ್ಯಕ್ರಮಗಳನ್ನು ಆ ಅರ್ಜಿಯ ಸೇವೆಗಳ ಪಟ್ಟಿಯಿಂದ ಕೈಬಿಟ್ಟಿದೆ. ಹೆಸರು ಬದಲಿಸಿಕೊಂಡು ನೆಮ್ಮದಿಯಾಗಿರಿ ಎಂದು ಜೊತೆಗಾರರೂ, ನಾನು ಮೊದಲು ಕಂಡ ವಕೀಲರೂ ಹೇಳಿದ್ದರು.

ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಟ್ರಂಪೆಟ್ ವಾದಕ ಚಾರ್ಲಿ ಬರ್ಟಿನಿಯವರ ಪ್ರಕರಣ. ಅವರು 1985ರಿಂದ ‘ಆಪಲ್ ಜಾಝ್’ ಹೆಸರಿನಲ್ಲಿ ನುಡಿಸುತ್ತಿದ್ದರು. ಆಪಲ್ ಕಂಪನಿ ‘ಆಪಲ್ ಮ್ಯೂಸಿಕ್’ಗೆ ಅರ್ಜಿ ಹಾಕಿದ್ದು 2015ರಲ್ಲಿ. ಬೀಟಲ್ಸ್ ತಂಡದ ಸಂಸ್ಥೆಯಾದ ಆಪಲ್ ಕೋರ್‌ನಿಂದ 2007ರಲ್ಲಿ ಪಡೆದ ಗುರುತು 1968ರಿಂದಲೇ ಗ್ರಾಮಫೋನ್ ರೆಕಾರ್ಡುಗಳ ಮೇಲಿದ್ದುದರಿಂದ ತಾನೇ ಹಿರಿಯ ಎಂದು ಕಂಪನಿ ವಾದಿಸಿತ್ತು. ರೆಕಾರ್ಡಿನ ಹಿರಿತನ ವೇದಿಕೆಯ ಕಾರ್ಯಕ್ರಮಕ್ಕೆ ಅನ್ವಯಿಸದು, ಅರ್ಜಿಯಲ್ಲಿರುವ ಯಾವುದೇ ಒಂದು ಸೇವೆಯಲ್ಲಿ ಮೊದಲ ಬಳಕೆಯನ್ನೂ ಗೊಂದಲದ ಸಾಧ್ಯತೆಯನ್ನೂ ತೋರಿಸಿದರೆ ಆಕ್ಷೇಪಣೆಗೆ ಅಷ್ಟೇ ಸಾಕು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವಾದ ಫೆಡರಲ್ ಸರ್ಕ್ಯೂಟ್ 2023ರಲ್ಲಿ ತೀರ್ಪಿತ್ತಿತು.

ಅದಕ್ಕೂ ಮುಂಚಿನ ನಮ್ಮ ಪ್ರಯತ್ನಗಳೆಲ್ಲ ಬಿದ್ದುಹೋಗಿದ್ದವು. ಅಭಿಮಾನಿಗಳ ಪತ್ರ, ಅನುಯಾಯಿಗಳ ಸಂಖ್ಯೆ, ಹಾಡು ಎಷ್ಟು ಸಲ ಕೇಳಲ್ಪಟ್ಟಿತೆಂಬ ಲೆಕ್ಕ, ಇವೆಲ್ಲ ಜನಪ್ರಿಯತೆಯನ್ನು ತೋರಿಸಿದವೇ ಹೊರತು ಯಾವ ದಿನ ಯಾವ ಸೇವೆಗೆ ಈ ಹೆಸರು ಬಳಕೆಯಾಯಿತು ಎಂಬುದನ್ನಲ್ಲ. ಕೇಳುಗರ ಸಮೀಕ್ಷೆಯೊಂದಕ್ಕೆ ಒಂದು ವರ್ಷದ ಸಂಭಾವನೆಯ ಕಾಲುಭಾಗದಷ್ಟು ಹಣ ಸುರಿದೆವು. ಪ್ರಶ್ನೆಗಳೇ ಉತ್ತರವನ್ನು ಬಾಯಿಗಿಡುತ್ತವೆ ಎಂದು ಎದುರು ಪಕ್ಷ ಅದನ್ನು ತಳ್ಳಿಹಾಕಿಸಿತು.

ಆಮೇಲೆ ಅವರ ಅರ್ಜಿಯ ಸೇವೆಗಳನ್ನು ಒಂದೊಂದಾಗಿ ಬಿಡಿಸಿ ಬರೆದು, ಪ್ರತಿಯೊಂದರ ಎದುರು ನಮ್ಮ ಅತ್ಯಂತ ಹಳೆಯ ದಾಖಲೆಯನ್ನೂ ಅವರದನ್ನೂ ಇಟ್ಟೆ. ಹೆಸರು, ದಿನಾಂಕ, ಕಾರ್ಯಕ್ರಮದ ಸ್ವರೂಪ ಮೂರೂ ಒಂದೇ ಹಾಳೆಯಲ್ಲಿರಬೇಕು, ಆ ಹಾಳೆ ನಾವು ಬರೆದದ್ದಾಗಿರಬಾರದು ಎಂಬುದು ನನ್ನ ನಿಯಮ. ದೊಡ್ಡ ಪೋಸ್ಟರುಗಳಲ್ಲಿ ಇಸವಿಯೇ ಇರಲಿಲ್ಲ. ಗೆದ್ದದ್ದು ಮೈಕ್‌ಸೆಟ್ ಬಾಡಿಗೆಯ ರಸೀದಿ. ತಂಡದ ಹೆಸರು, ತಾರೀಖು, ‘ಸಂಜೆಯ ಸಂಗೀತಕ್ಕೆ ನಾಲ್ಕು ಮೈಕ್’ ಎಂಬ ಸಾಲು ಅದರಲ್ಲಿ ಬಾಡಿಗೆಯವರ ಕೈಬರಹದಲ್ಲೇ ಇದ್ದವು. ದಾಖಲೆಗಳನ್ನು ಯಾವ ಕ್ರಮದಲ್ಲಿ ಮುಂದಿಟ್ಟೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನಗೆ ಇನ್ನೂ ಬೇಕಾಗಬಹುದು.

ಇದರ ನಡುವೆ, ಎದುರು ಪಕ್ಷದ ಕಂಪನಿಯ ಚಂದಾ ಹಣ ತಮ್ಮ ಖಾತೆಯಿಂದ ಕಡಿತವಾಯಿತೆಂದು ನಮ್ಮನ್ನು ಬೈದು ಬಂದ ಸಂದೇಶಗಳನ್ನೂ ಸುಮ್ಮನೆ ತೆಗೆದಿಡುತ್ತ ಬಂದೆ. ಸಮೀಕ್ಷೆ ಮಾಡಲಾಗದ ಕೆಲಸವನ್ನು, ಅಂದರೆ ಜನರು ನಿಜವಾಗಿ ಗೊಂದಲಕ್ಕೊಳಗಾಗಿದ್ದಾರೆಂದು ತೋರಿಸುವುದನ್ನು, ಆ ಮೂವತ್ತೋ ನಲವತ್ತೋ ಸಂದೇಶಗಳು ಪುಕ್ಕಟೆಯಾಗಿ ಮಾಡಿಕೊಟ್ಟವು. ಮೊದಲು ನೋಂದಾಯಿಸಿದವರಿಗೇ ಹಕ್ಕು ಕೊಡುವ ದೇಶಗಳಲ್ಲಿ, ಮೊದಲ ಬಳಕೆಯನ್ನು ತೋರಿಸುವ ಈ ದಾರಿಯನ್ನು ನೆಚ್ಚಬೇಡಿ.

ರಾಜಿಯ ಕರಡಿನಲ್ಲಿ ಇನ್ನೊಂದು ಜಗ್ಗಾಟ ನಡೆಯಿತು. ಬೀಟಲ್ಸ್ ಸಂಸ್ಥೆ ಮತ್ತು ಕಂಪ್ಯೂಟರ್ ಕಂಪನಿ, ಈ ಎರಡು ಆಪಲ್‌ಗಳ ನಡುವೆ, ಕಂಪ್ಯೂಟರಿನವರು ಸಂಗೀತಕ್ಕೆ ಕೈಹಾಕಬಾರದೆಂದು ಆದ 1981ರ ಒಪ್ಪಂದ ಕಂಪ್ಯೂಟರಿಗೆ ಸಂಗೀತ ನುಡಿಸುವ ಶಕ್ತಿ ಬಂದ ನಂತರ ಮುರಿದು, 1991ರಲ್ಲಿ ಹೊಸತಾಯಿತು. ಕಂಪ್ಯೂಟರ್ ಕಂಪನಿಯ ಆನ್‌ಲೈನ್ ಹಾಡಿನಂಗಡಿ ಐಟ್ಯೂನ್ಸ್ ಬಂದ ಮೇಲೆ ಅದೂ ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ, 2006ರಲ್ಲಿ ಕಂಪ್ಯೂಟರ್ ಕಂಪನಿ ಗೆದ್ದಿತು. ಆದ್ದರಿಂದ ನಮ್ಮ ಒಪ್ಪಂದದಲ್ಲಿ ಉಪಕರಣದ ಹೆಸರೊಂದೂ ಬರದಂತೆ, ‘ಕೇಳುಗರಿಗಾಗಿ ಕಲಾವಿದರು ಹಾಡುವುದು ಮತ್ತು ನುಡಿಸುವುದು, ಅದು ಯಾವ ಮಾಧ್ಯಮದಲ್ಲಿ ತಲುಪಿದರೂ’ ಎಂದೇ ಬರೆಸಿದೆ. ಆ ಕೊನೆಯ ನಾಲ್ಕು ಪದಗಳನ್ನು ಹೊಡೆದುಹಾಕಲು ಅವರು ಹಣ ಕೊಡಲೂ ಸಿದ್ಧರಿದ್ದರು. ಅದು ನಮ್ಮ ಒಟ್ಟು ಖರ್ಚಿನ ಹೆಚ್ಚುಕಡಿಮೆ ಎರಡರಷ್ಟಿತ್ತು, ನಾವು ಒಪ್ಪಲಿಲ್ಲ.