ಎಲ್ಲರಿಗೂ ಚಿಕಿತ್ಸೆ ಸಿಗುತ್ತಿದೆಯೇ? ಭೂತಾನಿನಂಥ ಪುಟ್ಟ ದೇಶದಲ್ಲಿ ಲೆಕ್ಕ ಹಾಕುವ ಬಗೆ

ಭೂತಾನಿನ 2008ರ ಸಂವಿಧಾನದ 9ನೇ ವಿಧಿಯ ಪ್ರಕಾರ ಮೂಲಭೂತ ಆರೋಗ್ಯ ಸೇವೆಯನ್ನು ಸರ್ಕಾರ ಉಚಿತವಾಗಿ ಒದಗಿಸಬೇಕು. ಆಧುನಿಕ ವೈದ್ಯವಷ್ಟೇ ಅಲ್ಲ, ಪಾರಂಪರಿಕ ವೈದ್ಯವೂ ಅದರಲ್ಲಿ ಸೇರಿದೆ. 2017ರ ಜನಗಣತಿಯಲ್ಲಿ ಅಲ್ಲಿದ್ದವರು 7,27,145 ಜನ. ನಮ್ಮ ಮೈಸೂರು ನಗರದ ಜನಸಂಖ್ಯೆಗಿಂತಲೂ ಕಡಿಮೆ. ಆದರೆ ಇವರು ಹರಡಿಕೊಂಡಿರುವ ಜಾಗ ಕರ್ನಾಟಕದ ಐದನೇ ಒಂದು ಭಾಗದಷ್ಟಿದೆ, ಅದರಲ್ಲೂ ಬಹುಪಾಲು ಬೆಟ್ಟ ಕಣಿವೆ. 20 ಜಿಲ್ಲೆಗಳು, ಅವುಗಳ ಕೆಳಗೆ 205 ಗೆವೊಗ್‌ಗಳು, ಅಂದರೆ ಹಳ್ಳಿಗಳ ಗುಂಪುಗಳು. ಕೊಟ್ಟ ಮಾತು ಎಷ್ಟರ ಮಟ್ಟಿಗೆ ನಡೆದಿದೆ ಎಂದು ಅಳೆಯುವುದು ಹೇಗೆ?

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದಕ್ಕೆ ಎರಡು ಅಳತೆಗೋಲುಗಳಿವೆ. ಬೇಕಾದ ಸೇವೆ ಜನರಿಗೆ ಸಿಗುತ್ತಿದೆಯೇ ಎಂದು ನೋಡುವುದು 3.8.1. ಸೇವೆ ಪಡೆಯಲು ಹೋಗಿ ಮನೆ ಬರಿದಾಗುತ್ತಿದೆಯೇ ಎಂದು ನೋಡುವುದು 3.8.2. ಎರಡನ್ನೂ ಒಟ್ಟಿಗೇ ಓದಬೇಕು. ಒಂದನ್ನು ಮಾತ್ರ ಹಿಡಿದುಕೊಂಡರೆ ಆಗುವ ಮೋಸವನ್ನು ಮುಂದೆ ನೋಡೋಣ.

ಮೊದಲು ಛೇದ ಸರಿಮಾಡಿಕೊಳ್ಳಿ

ಶಾಲೆಯಲ್ಲಿ ಕಲಿತ ಭಿನ್ನರಾಶಿಯನ್ನು ನೆನಪಿಸಿಕೊಳ್ಳಿ. ಮೇಲೆ ಅಂಶ, ಕೆಳಗೆ ಛೇದ. ಸೇವೆ ಪಡೆದವರ ಸಂಖ್ಯೆ ಅಂಶ, ಸೇವೆ ಬೇಕಿದ್ದವರ ಸಂಖ್ಯೆ ಛೇದ. ಅಂಶ ಆಸ್ಪತ್ರೆಯ ರಿಜಿಸ್ಟರಿನಲ್ಲೇ ಸಿಗುತ್ತದೆ. ಛೇದ ಅಲ್ಲಿ ಸಿಗುವುದಿಲ್ಲ, ಊರಿನಲ್ಲಿ ಹುಡುಕಬೇಕು. ಆರೋಗ್ಯದ ಲೆಕ್ಕಗಳು ಹೆಚ್ಚಾಗಿ ಹಳ್ಳ ಹಿಡಿಯುವುದು ಇಲ್ಲೇ.

ಕಲ್ಪಿತ ಗೆವೊಗ್ ಒಂದನ್ನು ತೆಗೆದುಕೊಳ್ಳಿ. ಹಳೆಯ ಗಣತಿಯ ಆಧಾರದ ಮೇಲೆ ಅಂದಾಜು ಮಾಡಿ, ಈ ವರ್ಷ ಒಂದು ವರ್ಷದೊಳಗಿನ ಮಕ್ಕಳು 30 ಎಂದು ರಾಜಧಾನಿಯಿಂದ ಬರೆದು ಕಳಿಸಿದ್ದಾರೆ. ಆರೋಗ್ಯ ಕಾರ್ಯಕರ್ತೆ ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಲಸಿಕೆಯ ಮೂರನೇ ಡೋಸ್ ಹಾಕಿದ್ದು 33 ಮಕ್ಕಳಿಗೆ. ವರದಿಯಲ್ಲಿ ಶೇ 110 ಎಂದು ಬರುತ್ತದೆ. ಮನೆ ಮನೆ ಸುತ್ತಿ ಪಟ್ಟಿ ಮಾಡಿದರೆ ಅಲ್ಲಿರುವ ಮಕ್ಕಳು 35. ನಿಜವಾದ ಪ್ರಮಾಣ ಶೇ 94. ಶೇ 110 ಎಂದು ಬರೆದ ದಿನವೇ ಲಸಿಕೆ ಸಿಗದ ಇಬ್ಬರು ಮಕ್ಕಳು ಲೆಕ್ಕದಿಂದ ಮಾಯವಾದರು. ಅವರನ್ನು ಹುಡುಕಿಕೊಂಡು ಹೋಗುವವರು ಯಾರೂ ಇಲ್ಲ. ನೂರು ದಾಟಿದ ಸಂಖ್ಯೆಯನ್ನು 100ಕ್ಕೆ ಇಳಿಸಿ ಸುಮ್ಮನಾಗುವ ಪದ್ಧತಿ ಹಲವೆಡೆ ಇದೆ. ಹಾಗೆ ಮಾಡಬೇಡಿ. ಶೇ 100 ದಾಟಿದರೆ ಛೇದ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಮೊದಲು ಆ ಪಟ್ಟಿಯನ್ನು ತಿದ್ದಿ.

ಭೂತಾನಿನಲ್ಲಿ ಛೇದ ತಪ್ಪಲು ಇನ್ನೊಂದು ಕಾರಣವೂ ಇದೆ. ಹಳ್ಳಿಯ ನೋಂದಣಿಯಲ್ಲಿ ಹೆಸರಿರುತ್ತದೆ, ಮನೆಗೆ ಬೀಗ ಬಿದ್ದಿರುತ್ತದೆ. ಇಂಥ ಖಾಲಿ ಮನೆಗಳನ್ನು ಅಲ್ಲಿ ಗುಂಗ್‌ಟೊಂಗ್ ಎನ್ನುತ್ತಾರೆ. ಜನ ರಾಜಧಾನಿ ಥಿಂಫುವಿಗೋ ಗಡಿಯ ಪಟ್ಟಣ ಫುಂಟ್‌ಶೋಲಿಂಗ್‌ಗೋ ಹೋಗಿದ್ದಾರೆ, ನೋಂದಣಿ ಮಾತ್ರ ಊರಲ್ಲೇ ಉಳಿದಿದೆ. ಹೀಗಾಗಿ ದೇಶದ ಪೂರ್ವ ಭಾಗದ ಹಳ್ಳಿಗಳ ಛೇದ ಉಬ್ಬುತ್ತದೆ, ಥಿಂಫುವಿನದು ಕುಗ್ಗುತ್ತದೆ. ಆರೋಗ್ಯದ ಲೆಕ್ಕಕ್ಕೆ ನೋಂದಣಿಯ ಊರನ್ನು ಹಿಡಿಯಬೇಡಿ, ಕಳೆದ ಆರು ತಿಂಗಳಿಂದ ವಾಸವಿರುವ ಊರನ್ನು ಹಿಡಿಯಿರಿ. ಮಠಗಳಲ್ಲಿರುವ ಭಿಕ್ಷುಗಳು, ಹಾಸ್ಟೆಲ್ ಮಕ್ಕಳು, ಜಲವಿದ್ಯುತ್ ಯೋಜನೆಗಳ ಶೆಡ್ಡುಗಳಲ್ಲಿರುವ ಕೂಲಿಕಾರರು ಮನೆಮನೆ ಸಮೀಕ್ಷೆಗೆ ಸಿಗುವುದೇ ಇಲ್ಲ. ಅವರಿಗೆ ಬೇರೆ ಪಟ್ಟಿಯನ್ನೇ ಮಾಡಬೇಕು.

ಅಂಶದಲ್ಲೂ ತಪ್ಪು ನುಸುಳುತ್ತದೆ. ಗರ್ಭಿಣಿಯೊಬ್ಬರು ಮೊದಲ ತಪಾಸಣೆಯನ್ನು ಹಳ್ಳಿಯ ಕೇಂದ್ರದಲ್ಲಿ ಮಾಡಿಸುತ್ತಾರೆ. ಹೆರಿಗೆ ಹತ್ತಿರವಾದಾಗ ಮೊಂಗಾರ್ ಅಥವಾ ಗೆಲೆಫುವಿನ ದೊಡ್ಡ ಆಸ್ಪತ್ರೆಯ ಬಳಿ ನೆಂಟರ ಮನೆಗೆ ಬಂದಿರುತ್ತಾರೆ, ಅಲ್ಲಿ ಹೊಸದಾಗಿ ಹೆಸರು ಬರೆಸುತ್ತಾರೆ. ಒಬ್ಬರೇ ತಾಯಿ, ಲೆಕ್ಕದಲ್ಲಿ ಇಬ್ಬರು. ಅವರ 11 ಅಂಕಿಯ ಗುರುತಿನ ಸಂಖ್ಯೆಯನ್ನು ಎರಡೂ ಕಡೆ ಬರೆದಿದ್ದರೆ ಜೋಡಿಸಿ ಒಂದು ಮಾಡಬಹುದು. ಬರೆದಿಲ್ಲದಿದ್ದರೆ ತಾಯಿಯ ಹೆಸರು, ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಈ ಮೂರನ್ನು ಹೋಲಿಸಿ ನೋಡಿ.

ಹದಿನಾಲ್ಕು ಸೂಚಕಗಳು

ಎಲ್ಲ ಕಾಯಿಲೆಗಳನ್ನೂ ಅಳೆಯಲಾಗದು. ಅದಕ್ಕೇ 3.8.1ರ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆ 14 ಸೂಚಕಗಳನ್ನು ಆರಿಸಿ ನಾಲ್ಕು ಗುಂಪು ಮಾಡಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳು ಹಿಸುಕಿದ ಹಾಗೆ.

ಮೊದಲನೆಯದು ತಾಯಿ ಮಕ್ಕಳ ಗುಂಪು: ಆಧುನಿಕ ಗರ್ಭನಿರೋಧಕ ಬೇಕಿದ್ದವರಿಗೆ ಅದು ಸಿಕ್ಕಿತೇ, ಗರ್ಭಿಣಿಗೆ ಕನಿಷ್ಠ ನಾಲ್ಕು ತಪಾಸಣೆ ಆಯಿತೇ, ಮಗುವಿಗೆ ಮೂರನೇ ಡೋಸ್ ಬಿತ್ತೇ, ನ್ಯುಮೋನಿಯಾ ಲಕ್ಷಣವಿದ್ದ ಮಗುವನ್ನು ಚಿಕಿತ್ಸೆಗೆ ಕರೆದೊಯ್ದರೇ. ಎರಡನೆಯದು ಸೋಂಕುಗಳದು: ಕ್ಷಯದ ಚಿಕಿತ್ಸೆ, ಎಚ್‌ಐವಿಗೆ ಮಾತ್ರೆ, ಮಲೇರಿಯಾಕ್ಕೆ ಔಷಧ ಲೇಪಿಸಿದ ಸೊಳ್ಳೆಪರದೆ, ಮನೆಗೆ ಶೌಚಾಲಯ. ಮೂರನೆಯದು ಸೋಂಕಲ್ಲದ ಕಾಯಿಲೆಗಳದು: ಬಿಪಿ, ಸಕ್ಕರೆ, ತಂಬಾಕು. ನಾಲ್ಕನೆಯದು ವ್ಯವಸ್ಥೆಯ ಶಕ್ತಿ: ಹಾಸಿಗೆಗಳು, ಸಿಬ್ಬಂದಿ, ಸಾಂಕ್ರಾಮಿಕಗಳನ್ನು ಎದುರಿಸುವ ಸಿದ್ಧತೆ.

ಸೊಳ್ಳೆಪರದೆಯ ಸೂಚಕ ಮಲೇರಿಯಾ ಹೆಚ್ಚಿರುವ ದೇಶಗಳಿಗೆ ಮಾತ್ರ. ಭೂತಾನಿನಲ್ಲಿ ಮಲೇರಿಯಾ ದಕ್ಷಿಣದ ಗಡಿ ಜಿಲ್ಲೆಗಳಲ್ಲಷ್ಟೇ, ಅದೂ ಅಲ್ಪ. ಆದ್ದರಿಂದ ಎರಡನೇ ಗುಂಪನ್ನು ಮೂರೇ ಸೂಚಕಗಳಿಂದ ಕಟ್ಟಬೇಕು. ಖಾಲಿ ಬಿಟ್ಟ ಜಾಗದಲ್ಲಿ ಸೊನ್ನೆಯನ್ನಾಗಲಿ ನೂರನ್ನಾಗಲಿ ತುಂಬಬೇಡಿ.

ಎಲ್ಲವನ್ನೂ ನೂರರ ಅಳತೆಗೆ ತನ್ನಿ

ಲಸಿಕೆಯ ಪ್ರಮಾಣ ಶೇಕಡಾದಲ್ಲೇ ಇರುತ್ತದೆ. ಸಕ್ಕರೆ, ಹಾಸಿಗೆಗಳು ಹಾಗಿರುವುದಿಲ್ಲ. 2023ರ ವಿಧಾನದ ಪ್ರಕಾರ, ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆಯ ಸರಾಸರಿಯನ್ನು ಲೀಟರಿಗೆ 7.1 ಮಿಲಿಮೋಲ್‌ನಿಂದ ಕಳೆದು, ಬಂದದ್ದನ್ನು 2ರಿಂದ ಭಾಗಿಸಿ, 100ರಿಂದ ಗುಣಿಸಿ. ಸರಾಸರಿ 5.7 ಇದ್ದರೆ 70 ಅಂಕ. 5.1 ಇದ್ದರೆ ಪೂರ್ತಿ ನೂರು. ಪ್ರಯೋಗಾಲಯ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿದ್ದರೆ ಮೊದಲು 18ರಿಂದ ಭಾಗಿಸಿಕೊಳ್ಳಿ. ಇದನ್ನು ಮರೆತರೆ ಋಣಸಂಖ್ಯೆ ಬರುತ್ತದೆ.

ಹಾಸಿಗೆಗಳಿಗೆ 10,000 ಜನಕ್ಕೆ 18 ಎಂಬ ಮಿತಿ. ಅಲ್ಲಿಗೆ ಮುಟ್ಟಿದರೆ 100 ಅಂಕ, ಅದರಾಚೆಗೆ ಹೆಚ್ಚು ಅಂಕವಿಲ್ಲ. ಭೂತಾನಿನ 2017ರ ಜನಸಂಖ್ಯೆಗೆ ಹಾಗೆ ನೋಡಿದರೆ ಸುಮಾರು 1,309 ಹಾಸಿಗೆ ಬೇಕು.

ಸಿಬ್ಬಂದಿಯ ಲೆಕ್ಕದಲ್ಲಿ ಪುಟ್ಟ ದೇಶದ ಕಷ್ಟ ಎದ್ದು ಕಾಣುತ್ತದೆ. ಮೊದಲ ವಿಧಾನದಲ್ಲಿ ವೈದ್ಯರು, ಶಸ್ತ್ರಚಿಕಿತ್ಸಕರು, ಮನೋವೈದ್ಯರು ಎಂದು ಮೂರು ಬಗೆಯನ್ನು ನೋಡುತ್ತಿದ್ದರು. ಮನೋವೈದ್ಯರಿಗೆ ಲಕ್ಷ ಜನಕ್ಕೆ ಒಬ್ಬರು ಎಂಬುದು ಮಿತಿ. 7,27,145 ಜನಕ್ಕೆ ಏಳು ಮನೋವೈದ್ಯರಿದ್ದಾರೆ ಎಂದುಕೊಳ್ಳಿ, 96 ಅಂಕ. ಒಬ್ಬರು ಕೆಲಸ ಬಿಟ್ಟು ವಿದೇಶಕ್ಕೆ ಹೊರಟರೆ 83. ಒಬ್ಬರ ವಿಮಾನ ಟಿಕೆಟ್ಟಿಗೆ 13 ಅಂಕ. ದೊಡ್ಡ ದೇಶದಲ್ಲಿ ಇದು ಗೊತ್ತೇ ಆಗದು. ಹೀಗಾಗಿ ಪುಟ್ಟ ದೇಶದಲ್ಲಿ ಒಂದೇ ವರ್ಷದ ಅಂಕಿಯನ್ನು ನೆಚ್ಚದೆ ಮೂರು ವರ್ಷಗಳ ಸರಾಸರಿಯನ್ನು ಇಡಬೇಕು. ಎಲ್ಲ ಸೂಚಕಗಳನ್ನೂ ಸೇರಿಸಿ ಕಟ್ಟುವ ಒಟ್ಟು ಸೂಚ್ಯಂಕ ಒಂದೆರಡು ಅಂಕ ಏರಿದ್ದಕ್ಕೆ ಸಂಭ್ರಮವೂ ಬೇಡ, ಇಳಿದದ್ದಕ್ಕೆ ಗಾಬರಿಯೂ ಬೇಡ.

ಕೂಡಿ ಭಾಗಿಸಬೇಡಿ, ಗುಣಿಸಿ ಮೂಲ ತೆಗೆಯಿರಿ

ಗುಂಪಿನ ಅಂಕಗಳನ್ನು ಸೇರಿಸುವಾಗ ಸಾಮಾನ್ಯ ಸರಾಸರಿ ಬಳಸುವುದಿಲ್ಲ, ಗುಣೋತ್ತರ ಮಾಧ್ಯವನ್ನು ಬಳಸುತ್ತಾರೆ. ನಾಲ್ಕು ಸೂಚಕಗಳಿದ್ದರೆ ನಾಲ್ಕನ್ನೂ ಗುಣಿಸಿ ನಾಲ್ಕನೇ ಮೂಲ. ಮೂರಿದ್ದರೆ ಘನಮೂಲ. ಎಕ್ಸೆಲ್‌ನಲ್ಲಿ ಜಿಯೋಮೀನ್ ಎಂಬ ಸೂತ್ರ ಇದನ್ನು ಒಂದೇ ಏಟಿಗೆ ಮಾಡುತ್ತದೆ. ಆಮೇಲೆ ನಾಲ್ಕು ಗುಂಪುಗಳ ಅಂಕಗಳಿಗೂ ಹೀಗೇ ಮಾಡಿದರೆ ಕೊನೆಯ ಸೂಚ್ಯಂಕ ಸಿಗುತ್ತದೆ.

ಕಾರಣ ಇದು: 90, 90, 90, 20 ಅಂಕಗಳ ಸಾಮಾನ್ಯ ಸರಾಸರಿ 72.5. ಗುಣೋತ್ತರ ಮಾಧ್ಯ 61.8. ಲಸಿಕೆಯಲ್ಲಿ ಚೆನ್ನಾಗಿ ಮಾಡಿದೆವೆಂದು ಬಿಪಿ ರೋಗಿಗಳನ್ನು ಕೈಬಿಟ್ಟರೆ ಈ ಲೆಕ್ಕ ಅದನ್ನು ಮುಚ್ಚಿಡಲು ಬಿಡುವುದಿಲ್ಲ. ಯಾವುದಾದರೂ ಸೂಚಕ ಸೊನ್ನೆಯಾದರೆ ಎಲ್ಲವೂ ಸೊನ್ನೆಯಾಗುವುದರಿಂದ ಅದರ ಬದಲು 1 ಎಂದು ಹಾಕುವುದು ನಿಯಮ.

ಈ ವಿಧಾನ ಆಗಾಗ ಪರಿಷ್ಕರಣೆಯಾಗುತ್ತದೆ. ಮೊದಲು ಬಿಪಿ ಹೆಚ್ಚಿಲ್ಲದವರ ಪ್ರಮಾಣ ನೋಡುತ್ತಿದ್ದರು, ಆಮೇಲೆ 30ರಿಂದ 79 ವರ್ಷದ ಬಿಪಿ ರೋಗಿಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಪ್ರಮಾಣಕ್ಕೆ ಬದಲಾಯಿಸಿದರು. ವಿಧಾನ ಬದಲಾದಾಗ ಹಿಂದಿನ ವರ್ಷಗಳನ್ನೂ ಹೊಸ ವಿಧಾನದಲ್ಲೇ ಮತ್ತೆ ಲೆಕ್ಕ ಹಾಕಿ. ಹಳೆಯ ವರದಿಯ ಅಂಕಿಯ ಪಕ್ಕ ಹೊಸ ವರದಿಯ ಅಂಕಿಯನ್ನಿಟ್ಟು ಏರಿತು ಎಂದರೆ ಅದು ಸುಳ್ಳು.

ಸಮೀಕ್ಷೆ ಬೇಕೇ, ಎಲ್ಲರನ್ನೂ ಎಣಿಸಬೇಕೇ?

ಒಂದು ಜಿಲ್ಲೆಯಲ್ಲಿ ಬೇಕಾದ ವಯಸ್ಸಿನ ಮಕ್ಕಳು 500 ಇದ್ದಾರೆ ಎನ್ನಿ. ಐದು ಅಂಕ ಆಚೀಚೆ ಇರುವ ನಿಖರತೆಗೆ ಸಾಮಾನ್ಯವಾಗಿ 384 ಜನರ ಮಾದರಿ ಬೇಕು. ಒಟ್ಟು 500 ಜನರೇ ಇರುವುದರಿಂದ ಅದು 218ಕ್ಕೆ ಇಳಿಯುತ್ತದೆ. ಹಳ್ಳಿ ಹಳ್ಳಿಯಾಗಿ ಗುಂಪಿನಲ್ಲಿ ಆರಿಸುವುದರಿಂದ ಒಂದೂವರೆ ಪಟ್ಟು ಮಾಡಬೇಕು, 327. ಹತ್ತರಲ್ಲಿ ಒಬ್ಬರು ಮನೆಯಲ್ಲಿ ಸಿಗಲಾರರು, ಅಲ್ಲಿಗೆ 364. ಐನೂರರಲ್ಲಿ 364 ಜನರ ಮನೆಗೆ ಹೋಗುವುದಾದರೆ ಉಳಿದ 136 ಜನರನ್ನೂ ನೋಡಿಬಿಡುವುದು ಮೇಲು. ಆಗ ಲಸಿಕೆ ಸಿಗದ ಮಗುವಿನ ಮನೆಯ ವಿಳಾಸವೇ ಕೈಯಲ್ಲಿರುತ್ತದೆ. ಪುಟ್ಟ ದೇಶಕ್ಕಿರುವ ದೊಡ್ಡ ಅನುಕೂಲ ಇದು.

ಬಿಪಿ, ಸಕ್ಕರೆ, ಖರ್ಚಿನಂಥ ವಿಷಯಗಳಿಗೆ ಮಾತ್ರ ಸಮೀಕ್ಷೆಯೇ ಬೇಕು. 20 ಜಿಲ್ಲೆಗೂ ಬೇರೆ ಬೇರೆ ಅಂಕಿ ಕೊಡುವಷ್ಟು ಮಾದರಿ ಇರುವುದಿಲ್ಲ. ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರೇ ಭಾಗ ಮಾಡಿ.

ಜೇಬಿನ ಲೆಕ್ಕ

ಮನೆಯ ಒಟ್ಟು ಖರ್ಚಿನಲ್ಲಿ ಶೇ 10ಕ್ಕಿಂತ ಹೆಚ್ಚು ಚಿಕಿತ್ಸೆಗೆ ಹೋದರೆ ಆ ಮನೆ ಸಂಕಟದಲ್ಲಿದೆ ಎನ್ನುವುದು 3.8.2ರ ಹಳೆಯ ಅಳತೆ. ಶೇ 25ರ ಗೆರೆಯೂ ಇತ್ತು. ಹೊಸ ಅಳತೆ ಇನ್ನೂ ಸೂಕ್ಷ್ಮ. ಬದುಕಲು ಬೇಕೇ ಬೇಕಾದಷ್ಟನ್ನು ಒಟ್ಟು ಖರ್ಚಿನಿಂದ ಮೊದಲು ಕಳೆಯಬೇಕು. ಉಳಿದದ್ದರಲ್ಲಿ ಶೇ 40ಕ್ಕಿಂತ ಹೆಚ್ಚು ಚಿಕಿತ್ಸೆಗೆ ಹೋಯಿತೇ ಎಂದು ನೋಡಬೇಕು.

ಕಲ್ಪಿತ ಮನೆಗಳೆರಡು. ಒಂದರ ತಿಂಗಳ ಖರ್ಚು 20,000 ನುಲ್ಟ್ರಂ (ನಮ್ಮ ರೂಪಾಯಿಗೆ ಸಮ), ಚಿಕಿತ್ಸೆಗೆ 2,200. ಇನ್ನೊಂದರದು 1,00,000, ಚಿಕಿತ್ಸೆಗೆ 12,000. ಹಳೆಯ ಲೆಕ್ಕದಲ್ಲಿ ಶೇ 11 ಮತ್ತು ಶೇ 12, ಎರಡೂ ಸಂಕಟದಲ್ಲಿವೆ. ಜೀವನಕ್ಕೆ 15,000 ಬೇಕೆಂದು ಕಳೆಯಿರಿ. ಮೊದಲ ಮನೆಗೆ ಉಳಿದ 5,000ದಲ್ಲಿ 2,200 ಅಂದರೆ ಶೇ 44. ಎರಡನೆಯದಕ್ಕೆ 85,000ದಲ್ಲಿ 12,000, ಶೇ 14. ಈಗ ಮೊದಲ ಮನೆ ಮಾತ್ರ ಗೆರೆ ದಾಟಿದೆ. ಬಡತನದ ಗೆರೆಯ ಕೆಳಗೇ ಇರುವ ಮನೆ ಚಿಕಿತ್ಸೆಗೆ ಒಂದು ನುಲ್ಟ್ರಂ ಕೊಟ್ಟರೂ ಸಂಕಟವೆಂದೇ ಲೆಕ್ಕ.

ಪ್ರಶ್ನೆ ಕೇಳುವಾಗ ಹೊರರೋಗಿ ಚಿಕಿತ್ಸೆಗೆ ಕಳೆದ ನಾಲ್ಕು ವಾರ, ದಾಖಲಾಗಿದ್ದಕ್ಕೆ ಕಳೆದ ಹನ್ನೆರಡು ತಿಂಗಳು ಎಂದು ಬೇರೆ ಬೇರೆಯಾಗಿ ಕೇಳಿ. "ಆರೋಗ್ಯಕ್ಕೆ ಎಷ್ಟು ಖರ್ಚಾಯಿತು?" ಎಂದು ಒಂದೇ ಮಾತಿನಲ್ಲಿ ಕೇಳಿದರೆ ಅರ್ಧ ಮರೆತಿರುತ್ತಾರೆ. ಮಾತ್ರೆ, ಪರೀಕ್ಷೆ, ಕನ್ನಡಕ, ಹಲ್ಲು ಎಂದು ಬಿಡಿಸಿ ಕೇಳಬೇಕು. ಗಡಿಯಾಚೆ ಜೈಗಾಂವ್, ಸಿಲಿಗುರಿಗೆ ಹೋಗಿ ಕೊಟ್ಟ ದುಡ್ಡನ್ನು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಮೊದಲು ಹೇಳಿದ ಮೋಸ ಇರುವುದು ಇಲ್ಲಿ. ಭೂತಾನಿನಲ್ಲಿ ಚಿಕಿತ್ಸೆ ಉಚಿತ, ಹಾಗಾಗಿ ಕೈಯಿಂದ ಹಾಕಿದ ದುಡ್ಡು ಕಡಿಮೆಯೇ ಕಾಣುತ್ತದೆ. ಆದರೆ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ಪ್ರಯಾಣದ ವೆಚ್ಚ ಸೇರುವುದಿಲ್ಲ. ಥಿಂಫುವಿನ ಆಸ್ಪತ್ರೆಗೆ ಬಂದು ವಾರಗಟ್ಟಲೆ ಉಳಿಯುವ ಖರ್ಚು, ಜೊತೆಗೆ ಬಂದವರು ಕಳೆದುಕೊಂಡ ಕೂಲಿ ಕೂಡ ಸೇರುವುದಿಲ್ಲ. ಲುನಾನಾದಂಥ ದೂರದ ಬೆಟ್ಟದ ಊರಿನಿಂದ ದಿನಗಟ್ಟಲೆ ನಡೆಯಲಾಗದೆ ಮನೆಯಲ್ಲೇ ಉಳಿದ ಅಜ್ಜಿಯ ಖರ್ಚು ಸೊನ್ನೆ. ಪುಸ್ತಕದಲ್ಲಿ ಅವರು ಸಂಕಟವಿಲ್ಲದವರು. ಆದ್ದರಿಂದ ಸಮೀಕ್ಷೆಯಲ್ಲಿ ಎರಡು ಪ್ರಶ್ನೆಗಳನ್ನು ನೀವೇ ಸೇರಿಸಿ: ಚಿಕಿತ್ಸೆ ಬೇಕಿದ್ದೂ ಹೋಗದೆ ಉಳಿದಿರಾ, ಏಕೆ? ಹೋಗಿಬರಲು, ಉಳಿಯಲು ಎಷ್ಟಾಯಿತು? ಇವುಗಳ ಉತ್ತರವನ್ನು ಸೂಚ್ಯಂಕಕ್ಕೆ ಬೆರೆಸಬೇಡಿ. ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ.

ಔಷಧ ದಾಸ್ತಾನೂ 14 ಸೂಚಕಗಳಲ್ಲಿ ಇಲ್ಲ. ಬಿಪಿಯ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಂಥ ಹತ್ತು ಔಷಧಗಳ ಪಟ್ಟಿ ಹಿಡಿದು, ಆರೋಗ್ಯ ಕೇಂದ್ರಕ್ಕೆ ಹೇಳದೆ ಹೋದ ದಿನ ಕಪಾಟಿನಲ್ಲಿ ಎಷ್ಟಿದ್ದವು ಎಂದು ಬರೆದುಕೊಳ್ಳಿ.

ಅಚ್ಚಿಗೆ ಕೊಡುವ ಮೊದಲು

ಹತ್ತಿಪ್ಪತ್ತು ಕೇಂದ್ರಗಳನ್ನು ಚೀಟಿ ಎತ್ತಿ ಆರಿಸಿ. ಯಾವುದಾದರೂ ಎರಡು ತಿಂಗಳ ರಿಜಿಸ್ಟರಿನ ಸಾಲುಗಳನ್ನು ಕೈಯಿಂದ ಎಣಿಸಿ, ಮೇಲಕ್ಕೆ ಕಳಿಸಿದ ವರದಿಯ ಸಂಖ್ಯೆಯಿಂದ ಭಾಗಿಸಿ. ಉತ್ತರ 0.9ರಿಂದ 1.1ರೊಳಗಿದ್ದರೆ ಸರಿ. ಅದಕ್ಕಿಂತ ಕಡಿಮೆ ಬಂದರೆ ವರದಿ ಉಬ್ಬಿದೆ, ಹೆಚ್ಚು ಬಂದರೆ ಮಾಡಿದ ಕೆಲಸವೇ ವರದಿಗೆ ಸೇರಿಲ್ಲ. ಎರಡನೆಯದು ಹೆಚ್ಚಾಗಿ ಒಬ್ಬರೇ ಸಿಬ್ಬಂದಿ ಇರುವ ಕೇಂದ್ರಗಳಲ್ಲಿ ಆಗುತ್ತದೆ. ಅವರನ್ನು ಗದರಬೇಡಿ, ಬರೆಯುವ ಪುಸ್ತಕಗಳ ಸಂಖ್ಯೆಯನ್ನು ಕಡಿಮೆ ಮಾಡಿ.

ಸೂಚ್ಯಂಕದ ಕೋಷ್ಟಕದಲ್ಲಿ ಪ್ರತಿ ಸೂಚಕದ ಎದುರು ನಾಲ್ಕು ಕಾಲಂ ಇರಲಿ: ಅಂಕಿ, ಅದು ಯಾವ ವರ್ಷದ್ದು, ಎಣಿಸಿದ್ದೋ ಅಂದಾಜೋ, ಛೇದ ಎಲ್ಲಿಂದ ಬಂತು. ಕ್ಷಯದ ಸಾಲಿನಲ್ಲಿ ಛೇದ ಅಂದಾಜು ಎಂದೇ ಇರುತ್ತದೆ, ಏಕೆಂದರೆ ಪತ್ತೆಯಾಗದ ರೋಗಿಗಳನ್ನು ಯಾರೂ ಎಣಿಸಿರುವುದಿಲ್ಲ. ಆ ಕಾಲಂ ಅನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಅಂಕಿಯ ಪಕ್ಕದಲ್ಲೇ ಇರಲಿ.